‘ಯಾವ ಕಾಲೇಜು?’ ಎಂದು ಕೇಳುವ ಮೊದಲು



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ನಂತರದ ಭಾನುವಾರಗಳಲ್ಲಿ ನಮ್ಮ ದೇವಾಲಯದ ಅಂಗಳದಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ. ಬಲಿಪೂಜೆ ಮುಗಿದು, ಅಂತಿಮ ಆಶೀರ್ವಾದ ಪಡೆದು, ಚಪ್ಪಲಿ ಹುಡುಕಿಕೊಳ್ಳುವಷ್ಟರಲ್ಲಿ ಯಾರಾದರೊಬ್ಬರು ಕೇಳಿಬಿಡುತ್ತಾರೆ: “ಮಗುವಿಗೆ ಯಾವ ಕಾಲೇಜು?” ಮಗು ಏನು ಓದುತ್ತದೆ, ಏಕೆ ಓದುತ್ತದೆ, ಅದಕ್ಕೆ ಯಾವುದರಲ್ಲಿ ಮನಸ್ಸಿದೆ ಎಂಬುದನ್ನು ಕೇಳುವವರು ವಿರಳ. ಕಾಲೇಜಿನ ಹೆಸರು ಕಿವಿಗೆ ಬಿದ್ದ ಕೂಡಲೇ ಕೇಳಿದವರ ಮುಖ ಅರಳುತ್ತದೆ, ಇಲ್ಲವೇ “ಓಹೋ, ಹಾಗೋ” ಎಂದು ಮಾತು ಬೇರೆ ಕಡೆಗೆ ಹೊರಳುತ್ತದೆ. ಹೆತ್ತವರ ಎದೆ ಆ ಕ್ಷಣದಲ್ಲಿ ಉಬ್ಬುವುದೂ ಕುಗ್ಗುವುದೂ ಆ ಮುಖವನ್ನು ನೋಡಿಯೇ.

ಕೆಂಪಾಪುರದ ಒಂದು ಕುಟುಂಬ ಇಂಥದೇ ಒಂದು ಭಾನುವಾರ ಸಂಜೆ ನಮ್ಮ ಮನೆಗೆ ಬಂತು. ತಂದೆ ಶಾಲಾ ವಾಹನದ ಚಾಲಕರು. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳು ವಾಣಿಜ್ಯ ವಿಭಾಗದಲ್ಲಿ ಸಾಧಾರಣ ಅಂಕಗಳಿಂದ ಪಾಸಾಗಿದ್ದಳು. ಆದರೆ ಅವಳಿಗೆ ಇನ್ನೊಂದು ವರವಿತ್ತು. ಅವಳು ದೂರದ ಓಟಗಾರ್ತಿ. ಐದು ಸಾವಿರ ಮೀಟರ್ ಅವಳ ಓಟ. ಜಕ್ಕೂರು ಕೆರೆಯ ಏರಿಯ ಮೇಲೆ ಬೆಳಗಿನ ಜಾವ ಅವಳು ಓಡುವಾಗ ತಂದೆ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಈಗ ಅವಳ ಮುಂದೆ ಎರಡು ದಾರಿಗಳು. ನಗರದ ಮಧ್ಯದಲ್ಲಿರುವ, ಹೆಸರು ಹೇಳಿದರೆ ಎಲ್ಲರೂ ತಲೆದೂಗುವ ಒಂದು ಕಾಲೇಜು ಕ್ರೀಡಾ ಕೋಟಾದಲ್ಲಿ ಸೀಟು ಕೊಡಲು ಒಪ್ಪಿತ್ತು. ಕರಾವಳಿಯ ಒಂದು ಸಣ್ಣ ಊರಿನ ಕಾಲೇಜು ಸೀಟಿನ ಜೊತೆಗೆ ಹಾಸ್ಟೆಲ್ಲು, ಊಟ, ಓಟದ ಟ್ರ್ಯಾಕು, ತರಬೇತುದಾರರು ಎಲ್ಲವನ್ನೂ ಕೊಡುತ್ತೇನೆಂದಿತ್ತು. ಅಂಗಳದಲ್ಲಿ ಯಾರೋ ಅಂದಿದ್ದರಂತೆ: “ಅಷ್ಟು ದೊಡ್ಡ ಕಾಲೇಜು ಬಿಟ್ಟು ಆ ಊರಿಗಾ? ಓಡೋಕೆ ಬೆಂಗಳೂರಲ್ಲಿ ರಸ್ತೆ ಇಲ್ವಾ?”

“ಮೇಷ್ಟ್ರೇ, ನೀವೇ ಹೇಳಿ. ನೀವು ಎಷ್ಟೋ ಮಕ್ಕಳನ್ನ ನೋಡಿದೀರಿ,” ಎಂದರು ಆ ತಾಯಿ. ಹುಡುಗಿ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದಳು.

ನನಗೆ ತಕ್ಷಣ ಮಾತು ಹೊರಡಲಿಲ್ಲ. ಕಾರಣವನ್ನು ಮರೆಮಾಚದೆ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ಮಗನೂ ಓಡುತ್ತಿದ್ದ. ಅವನ ಶಾಲೆಯ ದೈಹಿಕ ಶಿಕ್ಷಕರು ಒಂದು ಜಿಲ್ಲಾ ಕೇಂದ್ರದ ಕಾಲೇಜಿನ ಹೆಸರು ಹೇಳಿ, “ಅಲ್ಲಿಗೆ ಕಳಿಸಿ ಸಾರ್, ಅಲ್ಲಿ ಒಳ್ಳೆಯ ಹುಡುಗರ ಗುಂಪಿದೆ, ನಾಲ್ಕು ವರ್ಷದಲ್ಲಿ ಇವನು ಎಲ್ಲಿಗೋ ಹೋಗ್ತಾನೆ” ಎಂದಿದ್ದರು. ನಾನು ಕೇಳಲಿಲ್ಲ. ನಾನೊಬ್ಬ ಶಿಕ್ಷಕ, ನನ್ನ ಮಗ ಆ ಊರಿನ ಕಾಲೇಜಿನಲ್ಲಿ ಓದಿದನೆಂದರೆ ಜನ ಏನೆಂದಾರು ಎಂಬುದೇ ನನ್ನ ಚಿಂತೆ. ಅವರಿವರ ಕೈಕಾಲು ಹಿಡಿದು ನಗರದ ಒಂದು ಹೆಸರಾಂತ ಕಾಲೇಜಿಗೆ ಸೇರಿಸಿದೆ. ಅಲ್ಲಿ ಹಾಜರಾತಿಯ ಲೆಕ್ಕ ಬಿಗಿ. ಕ್ರೀಡಾಕೂಟಕ್ಕೆ ಹೋಗಿ ಬಂದರೆ ತಪ್ಪಿದ ಪಾಠವನ್ನು ಹೇಳಿಕೊಡುವವರಿಲ್ಲ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಎರಡನೆಯ ವರ್ಷದಲ್ಲಿ ಅವನು ಓಡುವುದನ್ನು ಬಿಟ್ಟ. ಜಗಳವಾಗಲಿಲ್ಲ, ಅಳಲಿಲ್ಲ, ಸುಮ್ಮನೆ ಬಿಟ್ಟ. ಇಂದು ಅವನಿಗೆ ಒಳ್ಳೆಯ ಕೆಲಸವಿದೆ, ಸಂಸಾರವಿದೆ. ನನ್ನನ್ನು ಒಂದು ದಿನವೂ ದೂರಿಲ್ಲ. ಆದರೂ ಅವನ ಮೊಳೆ ಬೂಟುಗಳನ್ನು ಅಟ್ಟದಿಂದ ತೆಗೆದು ಯಾರಿಗಾದರೂ ಕೊಡಲು ಅವನ ತಾಯಿಗೆ ಇನ್ನೂ ಮನಸ್ಸಾಗಿಲ್ಲ.

ಆದ್ದರಿಂದ, “ನಾಳೆ ಬನ್ನಿ, ಯೋಚಿಸಿ ಹೇಳುತ್ತೇನೆ” ಎಂದು ಅವರನ್ನು ಕಳುಹಿಸಿದೆ. ಆ ರಾತ್ರಿ ಕುಳಿತು ನನಗೆ ತಿಳಿದಷ್ಟನ್ನು ಒರೆಗೆ ಹಚ್ಚಿ ನೋಡಿದೆ. ದೊಡ್ಡ ಓಟಗಾರರೆಲ್ಲ ಎಲ್ಲಿ ಓದಿದರು? ಹೆಸರಾಂತ ವಿದ್ಯಾಸಂಸ್ಥೆಗೂ ಅವರ ಕಾಲಿಗೂ ಏನಾದರೂ ಸಂಬಂಧವಿದೆಯೇ?

ಮೊದಲ ನೋಟಕ್ಕೆ ಯಾವ ನಿಯಮವೂ ಕಾಣುವುದಿಲ್ಲ. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಆಕ್ಸ್‌ಫರ್ಡಿನಲ್ಲಿ ಓದಿದವರು. 1954ರ ಮೇ 6ರಂದು ಆ ದಾಖಲೆ ಮಾಡಿದಾಗ ಅವರು ಲಂಡನ್ನಿನಲ್ಲಿ ವೈದ್ಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದರು. 1972ರ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪದವೀಧರ. ಹಾಗಾದರೆ ಹೆಸರೇ ದೊಡ್ಡದೆನ್ನೋಣವೇ? ಆದರೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ ಬಾಟಾ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಾ ಓಡಲು ಕಲಿತವರು. 1960ರಲ್ಲಿ ರೋಮಾಪುರಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಿ ಗೆದ್ದ ಅಬೆಬೆ ಬಿಕಿಲಾ ಇಥಿಯೋಪಿಯಾ ಚಕ್ರವರ್ತಿಯ ಅಂಗರಕ್ಷಕ ದಳದ ಸೈನಿಕ. ನಮ್ಮ ದೇಶದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿ ಅವರು ಮಾಡಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳನ್ನು ಮೀರಿ ಉಳಿಯಿತು. ಅವರ ಕಾಲೇಜು ಸೈನ್ಯವೇ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ರೈತನ ಮಗ ಅವಿನಾಶ್ ಸಾಬ್ಳೆ ಹನ್ನೆರಡನೆಯ ತರಗತಿ ಮುಗಿಸಿ ಸೈನ್ಯ ಸೇರಿದವರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮೂರು ಸಾವಿರ ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದಾಗ ಯಾವ ಪದವಿ, ಯಾವ ಕಾಲೇಜು ಎಂದು ಅವರನ್ನು ಯಾರಾದರೂ ಕೇಳಿದರೇ?

ಆದರೆ ಇನ್ನೊಂದು ಬಗೆಯ ಹೆಸರುಗಳೂ ಇವೆ. ಅವು ನಮ್ಮಂಥ ಕಥೋಲಿಕರಿಗೆ ಸಂತೋಷ ಕೊಡುವಂಥವು. 1956ರಲ್ಲಿ ಮೆಲ್ಬರ್ನಿನಲ್ಲಿ 1500 ಮೀಟರ್ ಓಟ ಗೆದ್ದ ಐರ್ಲೆಂಡಿನ ರಾನ್ ಡಿಲೇನಿ, ಅಮೆರಿಕದ ವಿಲ್ಲನೋವಾದಲ್ಲಿ ವಿದ್ಯಾರ್ಥಿ. ಅದು ಸಂತ ಅಗುಸ್ತೀನರ ಸಭೆಯವರು ನಡೆಸುವ ವಿಶ್ವವಿದ್ಯಾಲಯ. (ನಮ್ಮ ಜಗದ್ಗುರು ಹದಿನಾಲ್ಕನೆಯ ಲಿಯೋರವರು 1977ರಲ್ಲಿ ಗಣಿತದ ಪದವಿ ಪಡೆದದ್ದೂ ಅಲ್ಲೇ.) ಮುಂದೆ ಐರ್ಲೆಂಡಿನ ಓಟಗಾರರು ಒಬ್ಬರ ಹಿಂದೊಬ್ಬರು ಆ ದಾರಿ ಹಿಡಿದರು. 2000ದಲ್ಲಿ ಸಿಡ್ನಿಯಲ್ಲಿ ಬೆಳ್ಳಿ ಗೆದ್ದ ಸೋನಿಯಾ ಒ’ಸಲಿವಾನ್ ಕೂಡ ಅಲ್ಲಿಯವರೇ. ಅದೇ ದೇಶದ ಜಾನ್ ಟ್ರೇಸಿ ಓದಿದ್ದು ದೊಮಿನಿಕ್ ಸಭೆಯವರ ಪ್ರಾವಿಡೆನ್ಸ್ ಕಾಲೇಜಿನಲ್ಲಿ. 1984ರಲ್ಲಿ ಲಾಸ್ ಏಂಜಲಿಸ್ ಮ್ಯಾರಥಾನಿನಲ್ಲಿ ಅವರಿಗೆ ಬೆಳ್ಳಿ ದೊರೆಯಿತು. ಈ ಹುಡುಗರನ್ನು ವಿಲ್ಲನೋವಾದ ಹೆಸರೇ ಬೆಳೆಸಿತೆನ್ನುವಂತಿಲ್ಲ. ಅಲ್ಲಿ ಜಂಬೋ ಎಲಿಯಟ್ ಎಂಬೊಬ್ಬ ತರಬೇತುದಾರರಿದ್ದರು. ಅವರ ಜೀವನೋಪಾಯ ಕಟ್ಟಡ ಮತ್ತು ರಸ್ತೆ ಕೆಲಸದ ಯಂತ್ರಗಳ ಮಾರಾಟ. ಮಧ್ಯಾಹ್ನದ ಮೇಲೆ ಟ್ರ್ಯಾಕಿಗೆ ಬಂದು ಹುಡುಗರನ್ನು ಓಡಿಸುತ್ತಿದ್ದರು. 1981ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸ ಬಿಡಲಿಲ್ಲ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಕೀನ್ಯಾ ದೇಶದ ಇಟೆನ್ ಎಂಬ ಊರಿನ ಕಥೆ. ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದ ಆ ಊರಿನಲ್ಲಿ ಸಂತ ಪ್ಯಾಟ್ರಿಕ್ಕರ ಹೆಸರಿನ ಪ್ರೌಢಶಾಲೆಯೊಂದಿದೆ. 1976ರಲ್ಲಿ ಐರ್ಲೆಂಡಿನಿಂದ ಪ್ಯಾಟ್ರೀಷಿಯನ್ ಸಭೆಯ ಧಾರ್ಮಿಕ ಸಹೋದರರೊಬ್ಬರು ಭೂಗೋಳ ಕಲಿಸಲು ಅಲ್ಲಿಗೆ ಬಂದರು. ಹೆಸರು ಬ್ರದರ್ ಕೋಮ್ ಒ’ಕಾನೆಲ್. ಓಟದ ತರಬೇತಿಯ ವಿದ್ಯೆ ಅವರಿಗಿರಲಿಲ್ಲ. ಮಕ್ಕಳು ಓಡುವುದನ್ನು ನೋಡುತ್ತಾ, ಅವರನ್ನೇ ಕೇಳುತ್ತಾ ಕಲಿತರು. ಆ ಶಾಲೆಯ ಪೀಟರ್ ರೋನೋ 1988ರಲ್ಲಿ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಗೆದ್ದಾಗ ಇಪ್ಪತ್ತೊಂದರ ಯುವಕ. ಆಗ ಅವರು ಓದುತ್ತಿದ್ದುದು ಅಮೆರಿಕದ ಎಮಿಟ್ಸ್‌ಬರ್ಗ್ ಎಂಬ ಸಣ್ಣ ಊರಿನ ಮೌಂಟ್ ಸೇಂಟ್ ಮೇರೀಸ್ ಎಂಬ ಪುಟ್ಟ ಕಥೋಲಿಕ ಕಾಲೇಜಿನಲ್ಲಿ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ನಡುವೆ ಆ ಹೆಸರನ್ನು ಎಷ್ಟು ಜನ ಕೇಳಿದ್ದರು?

2012ರಲ್ಲಿ ಲಂಡನ್ನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಕೂಡ ಬ್ರದರ್ ಕೋಮ್ ಅವರ ಶಿಷ್ಯ. ಆದರೆ ಸಂತ ಪ್ಯಾಟ್ರಿಕ್ಕರ ಶಾಲೆಯ ವಿದ್ಯಾರ್ಥಿಯಲ್ಲ, ಅದೇ ಊರಿನ ಇನ್ನೊಂದು ಶಾಲೆಯವರು. ನಮ್ಮ ಶಾಲೆಯ ಹುಡುಗನಲ್ಲವೆಂದು ಆ ಬ್ರದರ್ ಅವರನ್ನು ದೂರವಿಡಲಿಲ್ಲ. ಇದನ್ನು ಓದಿದಾಗ ನಮ್ಮ ಕೆಲವು ಸಂಸ್ಥೆಗಳ ಗೇಟುಗಳು ನೆನಪಾದವು. ಅದಿರಲಿ.

ನಮ್ಮ ನಾಡಿಗೆ ಬರೋಣ. ನೆರೆಯ ಕೇರಳದಲ್ಲಿ ಸಂತ ಅಲ್ಫೋನ್ಸಮ್ಮನವರ ಸಮಾಧಿಯಿರುವ ಭರಣಂಗಾನಂ ಹತ್ತಿರ ಪಾಲಾ ಎಂಬ ಪಟ್ಟಣವಿದೆ. ಅಲ್ಲಿನ ಅಲ್ಫೋನ್ಸಾ ಮಹಿಳಾ ಕಾಲೇಜಿನಿಂದ ಬಂದವರು ಶೈನಿ ವಿಲ್ಸನ್. 1984ರಲ್ಲಿ 800 ಮೀಟರಿನಲ್ಲಿ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹತ್ತು ಸಾವಿರ ಮೀಟರ್ ಗೆದ್ದ ಇಡುಕ್ಕಿಯ ಪ್ರೀಜಾ ಶ್ರೀಧರನ್ ಓದಿದ್ದೂ ಅಲ್ಲೇ. ಕರ್ನಾಟಕದಲ್ಲಾದರೋ ಓಡುವ ಮಕ್ಕಳು ಇಂದು ಹುಡುಕಿಕೊಂಡು ಹೋಗುವುದು ಬೆಂಗಳೂರಿನ ಶತಮಾನದ ಇತಿಹಾಸವುಳ್ಳ ಕಾಲೇಜುಗಳನ್ನಲ್ಲ, ಸಾವಿರ ಕಂಬದ ಬಸದಿಯ ಮೂಡುಬಿದಿರೆಯನ್ನು. ಅಲ್ಲಿನ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತ ಊಟ, ವಸತಿ, ಶಿಕ್ಷಣ ಕೊಡುತ್ತದೆ. ಉತ್ತರ ಭಾರತದ ಮಕ್ಕಳೂ ರೈಲು ಹತ್ತಿ ಬರುತ್ತಾರೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ನಡೆದದ್ದು ಆ ಸಣ್ಣ ಊರಿನ ಸ್ವರಾಜ್ಯ ಮೈದಾನದಲ್ಲಿ. ಸಮಗ್ರ ಪ್ರಶಸ್ತಿ ಗೆದ್ದದ್ದು ಮಂಗಳೂರು ವಿಶ್ವವಿದ್ಯಾಲಯ. ಆ ತಂಡದ ಬೆನ್ನೆಲುಬು ಮೂಡುಬಿದಿರೆಯ ಮಕ್ಕಳೇ.

ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ನತಾನಿಯೇಲನೆಂಬ ಸಜ್ಜನ ಬರುತ್ತಾನೆ. ಫಿಲಿಪ್ಪನು ಬಂದು ಪ್ರಭು ಯೇಸುವಿನ ವಿಷಯ ತಿಳಿಸಿದಾಗ, ನಜರೇತಿನಂಥ ಊರಿನಿಂದ ಒಳ್ಳೆಯದೇನಾದರೂ ಬರಲು ಸಾಧ್ಯವೇ ಎಂದು ಅವನು ಅನುಮಾನಪಟ್ಟ. ಈ ನತಾನಿಯೇಲ ಯಾವ ಮಹಾನಗರದವನು? ಅದೇ ಶುಭಸಂದೇಶದ ಕೊನೆಯ ಅಧ್ಯಾಯ ಹೇಳುವಂತೆ ಅವನು ಕಾನಾ ಊರಿನವನು, ನಜರೇತಿಗೆ ಕೂಗಳತೆಗಿಂತ ಸ್ವಲ್ಪ ದೂರದ ಹಳ್ಳಿ. ಪಕ್ಕದ ಹಳ್ಳಿಯವನನ್ನು ಪಕ್ಕದ ಹಳ್ಳಿಯವನೇ ಕೀಳಾಗಿ ಕಂಡ. ನಾವೂ ಹಾಗೆಯೇ ಅಲ್ಲವೇ? ನಮ್ಮ ಅಜ್ಜ ಅಜ್ಜಿಯರು ಬಂದದ್ದು ಸಣ್ಣ ಊರುಗಳಿಂದಲೇ. ಎರಡು ತಲೆಮಾರು ಹೆಬ್ಬಾಳದ ಈಚೆ ಇದ್ದ ಮಾತ್ರಕ್ಕೆ “ಆ ಊರಿಗಾ?” ಎಂದು ಕೇಳುವಷ್ಟು ದೊಡ್ಡವರಾದೆವು.

ಹಾಗೆಂದು ಹೆತ್ತವರ ಭಯವನ್ನು ಹಗುರಾಗಿ ಕಾಣುವುದು ತಪ್ಪು. ಮರುದಿನ ಆ ತಂದೆ ನನ್ನೊಡನೆ ಒಬ್ಬರೇ ಕುಳಿತಾಗ ಹೇಳಿದರು: “ಮೇಷ್ಟ್ರೇ, ಓಡೋ ಹುಡುಗೀರು ನೂರು ಜನ ಇದ್ರೆ ಮೆಡಲ್ ಬರೋದು ಒಬ್ಳಿಗೆ. ಉಳಿದ ತೊಂಬತ್ತೊಂಬತ್ತು ಜನ ಏನ್ಮಾಡ್ತಾರೆ? ಮಂಡಿ ಹೋಯ್ತು ಅಂತಿಟ್ಕೊಳ್ಳಿ, ಆ ಸಣ್ಣೂರಿನ ಡಿಗ್ರಿ ಹಿಡ್ಕೊಂಡು ಬೆಂಗಳೂರಲ್ಲಿ ಯಾರು ಕೆಲಸ ಕೊಡ್ತಾರೆ?” ಈ ಮಾತಿಗೆ ಭಾಷಣದ ಉತ್ತರ ಸಲ್ಲದು. ಕಾಲೇಜಿನ ಹೆಸರು ಓಟದಲ್ಲಿ ಕೆಲಸಕ್ಕೆ ಬರುವುದಿಲ್ಲ, ಆದರೆ ಓಟ ನಿಂತ ಮೇಲೆ ಬರುತ್ತದೆ. ಅರ್ಜಿ ನೋಡುವವನ ಕಣ್ಣು ಮೊದಲು ಬೀಳುವುದು ಆ ಹೆಸರಿನ ಮೇಲೆಯೇ. ಬ್ಯಾನಿಸ್ಟರ್ ಓಟ ನಿಲ್ಲಿಸಿದ ಮೇಲೆ ಹೆಸರಾಂತ ನರರೋಗ ತಜ್ಞರಾದರು. ಆಕ್ಸ್‌ಫರ್ಡು ಅವರಿಗೆ ಕೊಟ್ಟದ್ದು ಕಾಲಿನ ವೇಗವನ್ನಲ್ಲ, ಮುಂದಿನ ಐವತ್ತು ವರ್ಷಗಳ ಬದುಕನ್ನು. ಬಡವನ ಮಗಳಿಗೆ ದೊಡ್ಡ ಹೆಸರಿನ ಅಗತ್ಯ ಶ್ರೀಮಂತನ ಮಗಳಿಗಿಂತ ಹೆಚ್ಚು ಎಂಬ ವಾದವೂ ಇದೆ, ಅದರಲ್ಲಿ ತಿರುಳಿಲ್ಲದಿಲ್ಲ. “ನಿನ್ನ ಕನಸನ್ನು ಹಿಂಬಾಲಿಸು” ಎಂದು ಪದವಿಪ್ರದಾನದ ವೇದಿಕೆಯಿಂದ ಹೇಳುವವರ ಮಕ್ಕಳಿಗೆ ಬೀಳುವಾಗ ಹಿಡಿಯುವ ಕೈಗಳು ನಾಲ್ಕಾರಿರುತ್ತವೆ. ವ್ಯಾನು ಓಡಿಸುವವನ ಮಗಳಿಗೆ ಅಪ್ಪನ ಎರಡೇ ಕೈ.

ಸಂತ ಪೌಲರನ್ನೇ ನೋಡಿ. ಅವರು ಗಮಲಿಯೇಲನ ಪಾದದ ಬಳಿ ಕುಳಿತು ಕಲಿತವರು. ಅಂದಿನ ಜೆರುಸಲೇಮಿನಲ್ಲಿ ಅದಕ್ಕಿಂತ ದೊಡ್ಡ ಹೆಸರಿರಲಿಲ್ಲ. ಜನರ ಗುಂಪು ರೊಚ್ಚಿಗೆದ್ದಾಗ ತಮ್ಮ ಆ ಗುರುವಿನ ಹೆಸರನ್ನು ಹೇಳಿಕೊಳ್ಳಲು ಅವರು ಹಿಂಜರಿಯಲಿಲ್ಲ. ಆದರೆ ಫಿಲಿಪ್ಪಿಯವರಿಗೆ ಪತ್ರ ಬರೆಯುವಾಗ ಅದನ್ನೆಲ್ಲ ನಷ್ಟದ ಲೆಕ್ಕಕ್ಕೆ ಬರೆದರು. ಎರಡೂ ನಿಜ. ಹೆಸರು ಒಂದು ಉಪಕರಣ, ಬೇಕಾದಾಗ ಕೈಗೆತ್ತಿಕೊಳ್ಳಬಹುದು. ಅದೇ ಪೌಲರು ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದರು. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವರಿಗೆ ಎಲೆಗಳ ಕಿರೀಟ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅವರು ಓಟಗಾರರ ಮಾತೆತ್ತುವಾಗ ಓಟಗಾರನ ಊರನ್ನಾಗಲಿ ವಂಶವನ್ನಾಗಲಿ ಹೇಳುವುದಿಲ್ಲ. ಹೇಳುವುದು ಅವನ ದಿನದಿನದ ಸಂಯಮವನ್ನು.

ದಿನದಿನದ ಎಂಬ ಮಾತಿನಲ್ಲೇ ನನಗೆ ಉತ್ತರದ ತುದಿ ಸಿಕ್ಕಿತು. ದೂರದ ಓಟ ಒಂದು ದಿನದ ವಿದ್ಯೆಯಲ್ಲ. ವರ್ಷಗಟ್ಟಲೆ ಬೆಳಿಗ್ಗೆ ಐದಕ್ಕೆ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಧ್ಯಾಹ್ನ ಒಂದು ಗಂಟೆ ಮಲಗುವುದು, ತನಗಿಂತ ಸ್ವಲ್ಪ ವೇಗದವರ ಹಿಂದೆ ಓಡುವುದು. ಹುಡುಗಿಯೊಬ್ಬಳಿಗೆ ರಕ್ತಹೀನತೆಯಾಗಿದೆ, ಅವಳಿಗೆ ಈ ವಾರ ವಿಶ್ರಾಂತಿ ಬೇಕು ಎಂದು ಮುಖ ನೋಡಿ ತಿಳಿಯುವ ಒಬ್ಬರಿರಬೇಕು. ಹಾಗಾದರೆ ಕಾಲೇಜಿಗೆ ಕಾಲೇಜಿಗೆ ವ್ಯತ್ಯಾಸವಿಲ್ಲವೆನ್ನುವುದು ಸುಳ್ಳು. ಬಹಳ ವ್ಯತ್ಯಾಸವಿದೆ. ಆದರೆ ಅದು ಗೇಟಿನ ಮೇಲಿನ ಫಲಕದಲ್ಲಿ ಕಾಣುವುದಿಲ್ಲ. ಓದಿಗೂ ಈ ಮಾತು ಒಪ್ಪುತ್ತದೆಂದು ಮೂವತ್ತು ವರ್ಷ ಪಾಠ ಮಾಡಿದ ನನ್ನ ಅನುಭವ. ದೊಡ್ಡ ಹೆಸರಿನ ಕಾಲೇಜುಗಳಿಗೆ ತೊಂಬತ್ತೈದು ಅಂಕದ ಮಕ್ಕಳೇ ಸೇರುತ್ತಾರೆ. ಮೂರು ವರ್ಷದ ನಂತರ ಅವರು ತೊಂಬತ್ತೈದು ಪಡೆದು ಹೊರಬಂದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು, ಮಕ್ಕಳ ಪಾಲೆಷ್ಟು?

ಇನ್ನು ಉಳಿದದ್ದು ನನ್ನಂಥ ತಂದೆಯರ ಆತ್ಮಪರಿಶೋಧನೆ. ಸಂತ ಮತ್ತಾಯರ ಶುಭಸಂದೇಶದಲ್ಲಿ ಜೆಬೆದಾಯನ ಹೆಂಡತಿ ತನ್ನಿಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಪ್ರಭುವಿನ ಬಳಿಗೆ ಬರುತ್ತಾಳೆ. ಅವಳು ಕೇಳಿದ್ದೂ ಸೀಟನ್ನೇ! ಒಬ್ಬನಿಗೆ ಬಲಗಡೆ, ಇನ್ನೊಬ್ಬನಿಗೆ ಎಡಗಡೆ. ಪ್ರಭು ಆ ತಾಯಿಯನ್ನು ಗದರಲಿಲ್ಲ ಎಂಬುದನ್ನು ಗಮನಿಸಬೇಕು. ತಾಯಿ ಮಕ್ಕಳಿಗಾಗಿ ಕೇಳದೆ ಇನ್ನಾರು ಕೇಳಬೇಕು? ಆದರೆ ಅವರು ಮಕ್ಕಳ ಕಡೆ ತಿರುಗಿ, ತಾವು ಕುಡಿಯಲಿರುವ ಪಾತ್ರೆಯಿಂದ ಕುಡಿಯಲು ಅವರಿಂದಾದೀತೇ ಎಂದು ಅವರನ್ನೇ ವಿಚಾರಿಸಿದರು. ನಾನು ನನ್ನ ಮಗನ ಕಡೆ ತಿರುಗಲೇ ಇಲ್ಲ. ಅಂಗಳದಲ್ಲಿ ಯಾರಾದರೂ “ಯಾವ ಕಾಲೇಜು?” ಎಂದಾಗ ನನಗೊಂದು ಉತ್ತರ ಬೇಕಿತ್ತು. ಆ ಉತ್ತರದ ಬೆಲೆಯನ್ನು ಅವನು ತೆತ್ತ.

ಕೊನೆಗೆ ನಾನು ಆ ಕುಟುಂಬಕ್ಕೆ ಯಾವ ಕಾಲೇಜನ್ನೂ ಹೇಳಲಿಲ್ಲ. ಎರಡು ಕಡೆಗೂ ಹೋಗಿ ನೋಡಿ ಬನ್ನಿ ಎಂದೆ. ಕಚೇರಿ ತೆರೆದಿರುವ ಹೊತ್ತಿನಲ್ಲಿ ಬೇಡ, ಬೆಳಿಗ್ಗೆ ಐದೂವರೆಗೆ ಹೋಗಿ. ಮೈದಾನದಲ್ಲಿ ಯಾರಿದ್ದಾರೆ ನೋಡಿ. ಹಿಂದಿನ ವರ್ಷಗಳಲ್ಲಿ ಗಾಯವಾಗಿ ಓಟ ಬಿಟ್ಟ ಹುಡುಗಿಯರು ಈಗ ಏನಾಗಿದ್ದಾರೆ, ಅವರನ್ನು ಹಾಸ್ಟೆಲ್ಲಿನಿಂದ ಕಳುಹಿಸಿದರೋ ಪದವಿ ಮುಗಿಸಲು ಬಿಟ್ಟರೋ ಎಂದು ಕೇಳಿ. ಅಕೌಂಟೆನ್ಸಿ ಯಾರು ಕಲಿಸುತ್ತಾರೆ, ಕೂಟಕ್ಕೆ ಹೋದಾಗ ತಪ್ಪಿದ ಪಾಠಕ್ಕೆ ಏನು ವ್ಯವಸ್ಥೆ ಎಂದು ಕೇಳಿ. ಭಾನುವಾರದ ಪೂಜೆಗೆ ಹತ್ತಿರದಲ್ಲಿ ದೇವಾಲಯವಿದೆಯೇ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ. ಹಾಸ್ಟೆಲ್ಲಿನ ಅಡಿಗೆಮನೆ ಗಂಡಸರ ಕಣ್ಣಿಗೆ ಬೀಳುವುದಿಲ್ಲ.

ಹೋಗಿ ಬಂದರು. ನಗರದ ಕಾಲೇಜಿನಲ್ಲಿ ಬೆಳಿಗ್ಗೆ ಆರೂವರೆಯವರೆಗೂ ಕಾವಲುಗಾರ ಒಳಗೆ ಬಿಡಲಿಲ್ಲವಂತೆ. ರಾತ್ರಿ ಬಸ್ಸಿನಲ್ಲಿ ಕರಾವಳಿಗೆ ಹೋದಾಗ ಮಳೆ ಸುರಿಯುತ್ತಿತ್ತು. “ಆ ಮಳೇಲೂ ಇಪ್ಪತ್ತು ಮೂವತ್ತು ಮಕ್ಕಳು ಓಡ್ತಿದ್ರು ಮೇಷ್ಟ್ರೇ. ಒಬ್ಳು ಹಿಂದೆ ಬಿದ್ಲು. ಅವ್ಳು ಬರೋವರೆಗೂ ಆ ಸಾರು ಛತ್ರಿ ಹಿಡ್ಕೊಂಡು ನಿಂತಿದ್ರು,” ಎಂದರು ತಂದೆ. ತಾಯಿಗೆ ಹಾಸ್ಟೆಲ್ಲಿನ ಸ್ನಾನದ ಮನೆಗಳು ಒಪ್ಪಿಗೆಯಾಗಿರಲಿಲ್ಲ, ಅದನ್ನು ನನಗೂ ಹೇಳಿದರು, ವಾರ್ಡನ್ನಿಗೂ ಹೇಳಿ ಬಂದಿದ್ದರು. ಆಮೇಲೆ ಮಗಳನ್ನು ಕೂರಿಸಿ ಕೇಳಿದರಂತೆ. ಅವಳು ಕರಾವಳಿ ಎಂದಳು.

ಈಗ ಅವಳು ಅಲ್ಲಿ ಮೊದಲನೆಯ ವರ್ಷದಲ್ಲಿದ್ದಾಳೆ. ಅಂಗಳದಲ್ಲಿ ಕೇಳುವವರು ಈಗಲೂ ಕೇಳುತ್ತಾರೆ. ತಾಯಿ ಊರಿನ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಾರೆ. ತಂದೆ ಮಾತ್ರ ಇನ್ನೂ “ಮಂಗಳೂರ ಕಡೆ” ಎನ್ನುತ್ತಾರೆ. ಅಂತರ ಕಾಲೇಜು ಕೂಟದಲ್ಲಿ ಅವಳು ಏಳನೆಯವಳಾಗಿ ಬಂದಳಂತೆ. ಅಕೌಂಟೆನ್ಸಿಯಲ್ಲಿ ಹಿಂದೆ ಬಿದ್ದಿದ್ದಾಳೆ. ಕ್ರಿಸ್ತಜಯಂತಿಯ ರಜೆಯಲ್ಲಿ ನಮ್ಮ ಮನೆಗೆ ಪಾಠಕ್ಕೆ ಬರುತ್ತೇನೆಂದು ಫೋನು ಮಾಡಿದ್ದಳು. ಆ ವಿಷಯ ನನಗೆ ಬರುವುದಿಲ್ಲ. ಕಲಿಸಲು ನನ್ನ ಮಗನನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾನೆ.